ನಾದ ಪಾದವಾದ ಕಥೆ

ಕಳೆದ ವರ್ಷದ ಮಳೆಗಾಲದಲ್ಲಿ ಕೈವಾರದ ನಮ್ಮ ಮನೆಯ ಹಳೆಯ ಕಂಪ್ಯೂಟರಿಗೆ 8 ಜಿಬಿಯ ಒಂದು ರ‍್ಯಾಮ್ ತಂದು ಹಾಕಿದೆ. ಮೊದಲು ಅದರಲ್ಲಿದ್ದದ್ದು 4 ಜಿಬಿ ಮಾತ್ರ. ನಮ್ಮ ಸೀಮೆಯ ಭಜನೆ ಮನೆಗಳಲ್ಲಿ ಹಾಡುವ ತತ್ವಪದಗಳು ಬಾಯಿಂದ ಬಾಯಿಗೆ, ಪುಸ್ತಕದಿಂದ ಪುಸ್ತಕಕ್ಕೆ ದಾಟುವಾಗ ಹೇಗೆ ಬದಲಾಗುತ್ತವೆ ಎನ್ನುವುದು ನನ್ನ ಪಿಎಚ್‌.ಡಿ. ವಿಷಯ. ಹಾಡಿನ ಧ್ವನಿಮುದ್ರಣ ಒಂದು ಕಡೆ, ಕೈಬರಹದ ಪುಸ್ತಕಗಳ ಚಿತ್ರಗಳು ಇನ್ನೊಂದು ಕಡೆ, ನಡುವೆ ಟೈಪು ಮಾಡುವ ಕಡತ. ಮೂರನ್ನೂ ಒಟ್ಟಿಗೆ ತೆರೆದರೆ ಆ ಪೆಟ್ಟಿಗೆ ಏದುಸಿರು ಬಿಡುತ್ತಿತ್ತು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಸೆಕೆಂಡ್‌ಹ್ಯಾಂಡ್ ರ‍್ಯಾಮ್ ಅಗ್ಗಕ್ಕೆ ಸಿಕ್ಕಿತು. ಸಂಶೋಧನಾ ವೇತನ ತಿಂಗಳುಗಟ್ಟಲೆ ತಡವಾಗಿ ಬರುವವರಿಗೆ ಅಗ್ಗ ಎನ್ನುವ ಮಾತು ಬೇಗ ಕಿವಿಗೆ ಬೀಳುತ್ತದೆ.

ಎರಡು ದಿನ ಎಲ್ಲವೂ ಸರಾಗ. ಮೂರನೆಯ ದಿನ ಮಧ್ಯಾಹ್ನ ನೀಲಿ ಪರದೆ ಬಂತು, ಯಂತ್ರ ನಿಂತು ತಾನಾಗಿ ಮತ್ತೆ ಶುರುವಾಯಿತು. ಆಮೇಲೆ ದಿನಕ್ಕೊಮ್ಮೆ, ಕೆಲವು ದಿನ ಎರಡು ಮೂರು ಸಲ. ಪ್ರತಿ ಸಲವೂ ಬೇರೆ ಬೇರೆ ದೋಷಸಂದೇಶ. ಊರಿನ ಕರೆಂಟಿನದ್ದೇ ತೊಂದರೆ ಇರಬೇಕು ಅಂದುಕೊಂಡೆ. ವಿಂಡೋಸ್ ಮತ್ತೊಮ್ಮೆ ಹಾಕಿದೆ. ಹೆಚ್ಚು ಹೊತ್ತು ಓಡಿಸಿದ್ದಕ್ಕೆ ಬಿಸಿಯಾಗಿದೆ ಎಂದು ಪಕ್ಕದ ಮುಚ್ಚಳ ತೆಗೆದು ಫ್ಯಾನ್ ಇಟ್ಟೆ. ಹೀಗೆ ಮೂರು ವಾರ ಕಳೆದವು.

ಆ ಮೂರು ವಾರಗಳಲ್ಲಿ ನಾನು ಒಂದು ‘ಶೋಧ’ವನ್ನೂ ಮಾಡಿದೆ. ನಮ್ಮ ಬೀದಿಯ ಅಜ್ಜಿಯೊಬ್ಬರ ಭಜನೆ ಪುಸ್ತಕದಲ್ಲಿ ಒಂದು ಪದದ ನಡುವೆ ‘ನಾದ’ ಎಂದಿದೆ. ಅವರ ಹಾಡಿಕೆಯನ್ನು ಕೇಳಿ ನಾನು ಬರೆದಿಟ್ಟಿದ್ದ ಕಡತದಲ್ಲಿ ಅದೇ ಜಾಗದಲ್ಲಿ ‘ಪಾದ’ ಎಂದಿತ್ತು. ಬರೆದದ್ದು ಒಂದು, ಹಾಡಿದ್ದು ಇನ್ನೊಂದು! ಇದಕ್ಕಿಂತ ಒಳ್ಳೆಯ ಪಾಠಾಂತರ ಸಿಗುವುದುಂಟೇ? ಯೋಗಿಗೆ ಒಳಗೆ ಕೇಳುವ ನಾದವು ಭಜನೆಯ ಸಮೂಹದಲ್ಲಿ ಗುರುವಿನ ಪಾದವಾಗಿದೆ, ಏಕಾಂತದ ಸಾಧನೆ ಸಾಮೂಹಿಕ ಭಕ್ತಿಗೆ ತಿರುಗಿದ ಗುರುತು ಇದು ಎಂದು ನಾಲ್ಕು ಪ್ಯಾರಾ ಬರೆದೆ. ನನ್ನ ಮಾರ್ಗದರ್ಶಕರು ಅದರ ಪಕ್ಕದಲ್ಲಿ ‘ಚೆನ್ನಾಗಿದೆ, ವಿಸ್ತರಿಸಿ’ ಎಂದು ಬರೆದು ಕಳಿಸಿದರು.

ವಿಸ್ತರಿಸುವ ಉತ್ಸಾಹದಲ್ಲಿ ಒಂದು ಸಂಜೆ ಆ ಅಜ್ಜಿಯ ಹತ್ತಿರ ಹೋಗಿ, ಪುಸ್ತಕದಲ್ಲಿ ಹೀಗಿದೆ, ನೀವು ಹಾಗೆ ಹಾಡಿದಿರಿ, ಯಾಕಜ್ಜಿ ಎಂದು ಕೇಳಿದೆ. ಅವರು ಎಲೆ ಅಡಿಕೆ ಚೀಲ ಕಟ್ಟುತ್ತಾ, “ನಾನ್ಯಾವಾಗ ಪಾದ ಅಂದೆನಮ್ಮ? ನಾದ ಅಂತ್ಲೇ ಅಲ್ವಾ ಹಾಡಿದ್ದು” ಅಂದರು. ಅಲ್ಲೇ ಮೊಬೈಲಿನಲ್ಲಿ ಧ್ವನಿಮುದ್ರಣ ಹಾಕಿ ಕೇಳಿದೆವು. ನಾದ. ಸಂಶಯಕ್ಕೆ ಎಡೆಯೇ ಇಲ್ಲದ ಹಾಗೆ, ಎಳೆದು ಹಾಡಿದ ನಾದ.

ಮನೆಗೆ ಬಂದು ಕಡತವನ್ನು ಮೊದಲಿನಿಂದ ಓದಿದೆ. ಒಂದು ಕಡೆ ‘ತಾತ’ ಇರಬೇಕಾದಲ್ಲಿ ‘ದಾತ’ ಇತ್ತು. ಇನ್ನೊಂದು ಕಡೆ ‘ಬನ’ ಹೋಗಿ ‘ಮನ’ ಆಗಿತ್ತು. ಮೂರೂ ಅರ್ಥವಿರುವ ಮಾತುಗಳೇ, ತತ್ವಪದದಲ್ಲಿ ಹೊಂದಿಕೊಂಡು ಕೂರುವಂಥವೇ. ಆದ್ದರಿಂದಲೇ ಓದುವಾಗ ಕಣ್ಣು ಎಲ್ಲೂ ತಡವರಿಸಿರಲಿಲ್ಲ. ಬೆರಳು ತಪ್ಪಿತೆನ್ನಲು ಆಗುತ್ತಿರಲಿಲ್ಲ. ನಾನು ಬಳಸುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಅದರಲ್ಲಿ ನ ಇರುವುದು ಇಂಗ್ಲಿಷಿನ ಎನ್ ಕೀಲಿಯಲ್ಲಿ, ಪ ಇರುವುದು ಪಿ ಕೀಲಿಯಲ್ಲಿ. ಒಂದು ಕೆಳಸಾಲು, ಇನ್ನೊಂದು ಮೇಲುಸಾಲಿನ ಕೊನೆ. ರ‍್ಯಾಮ್ ಹಾಕುವ ಮೊದಲು ತೆಗೆದಿದ್ದ ಒಂದು ಪ್ರಿಂಟ್ ಸಿಕ್ಕಿತು. ಅದರಲ್ಲಿ ನಾದ ಎಂದೇ ಇತ್ತು. ಅಂದರೆ ನಾನು ಸರಿಯಾಗಿ ಬರೆದದ್ದು ಆಮೇಲೆ ಬದಲಾಗಿತ್ತು.

ಇಲ್ಲಿ ಕನ್ನಡ ಅಕ್ಷರ ಕಂಪ್ಯೂಟರಿನ ಒಳಗೆ ಹೇಗಿರುತ್ತದೆ ಎಂದು ಸ್ವಲ್ಪ ನೋಡಬೇಕು. 1991ರಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಆ ಸಂಖ್ಯೆ ಯಂತ್ರದಲ್ಲಿ ಸೊನ್ನೆ ಮತ್ತು ಒಂದುಗಳ ಸಾಲಾಗಿ ಕೂರುತ್ತದೆ. ಒಂದೊಂದು ಸೊನ್ನೆ ಅಥವಾ ಒಂದಕ್ಕೆ ಬಿಟ್ ಎಂದು ಹೆಸರು. ‘ನ’ ಅಕ್ಷರದ ಕೊನೆಯ ಎಂಟು ಬಿಟ್‌ಗಳು 10101000. ‘ಪ’ ಅಕ್ಷರದವು 10101010. ಎರಡಕ್ಕೂ ಇರುವ ವ್ಯತ್ಯಾಸ ಬಲದಿಂದ ಎರಡನೆಯ ಬಿಟ್ ಮಾತ್ರ, ಸೊನ್ನೆ ಇದ್ದದ್ದು ಒಂದಾಗಿದೆ. ತ ಮತ್ತು ದ ನೋಡಿ, 10100100 ಮತ್ತು 10100110. ಬ ಮತ್ತು ಮ ನೋಡಿ, 10101100 ಮತ್ತು 10101110. ಎಲ್ಲ ಕಡೆಯೂ ಅದೇ ಎರಡನೆಯ ಬಿಟ್. ಕ ಮತ್ತು ಗ ಕೂಡ ಹಾಗೆಯೇ. ಅದೇ ಏಟು ಬಿದ್ದರೆ ಕುರು ಗುರುವಾಗುತ್ತಾನೆ. ಯಂತ್ರದಲ್ಲಿ ಎಲ್ಲೋ ಒಂದು ಬಿಟ್ ಸೊನ್ನೆಯಾಗಿ ಇರಲು ಒಲ್ಲದೆ ಒಂದರಲ್ಲೇ ಅಂಟಿಕೊಂಡಿದೆ ಎಂದು ಆಗ ಹೊಳೆಯಿತು. ನನ್ನ ಪಾಠಾಂತರ ಭಜನೆ ಮನೆಯದ್ದಲ್ಲ, ರ‍್ಯಾಮಿನದ್ದು.

ಆದರೂ ಆ ರಾತ್ರಿ ನನ್ನ ಮನಸ್ಸು ರ‍್ಯಾಮನ್ನು ಬಿಟ್ಟು ಆಕಾಶದ ಕಡೆ ಓಡಿತು. ಅದಕ್ಕೆ ಕಾರಣ ನಮ್ಮ ಜಿಲ್ಲೆಯ ಚರಿತ್ರೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೂ ಕೈವಾರ ಇದ್ದದ್ದು ಕೋಲಾರ ಜಿಲ್ಲೆಯಲ್ಲಿ. ಕೋಲಾರ ಎಂದರೆ ಚಿನ್ನದ ಗಣಿ, ಗಣಿ ಎಂದರೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಕಾಸ್ಮಿಕ್ ಕಿರಣ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ವಾಯುಮಂಡಲಕ್ಕೆ ಬಡಿದು ಕಣಗಳ ಮಳೆಯನ್ನೇ ಸುರಿಸುತ್ತವೆ. ಭೂಮಿಯೊಳಗೆ ಇಳಿದಷ್ಟೂ ಆ ಮಳೆ ಕಡಿಮೆಯಾಗುತ್ತದೆ. 1951ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕನ್ನಡಿಗ ವಿಜ್ಞಾನಿ ಬಿ.ವಿ. ಶ್ರೀಕಂಠನ್ ಕೆಜಿಎಫ್ ಗಣಿಯೊಳಗೆ ಉಪಕರಣ ಇಳಿಸಿ, ಯಾವ ಆಳದಲ್ಲಿ ಎಷ್ಟು ಮ್ಯೂಆನ್ ಕಣಗಳು ಸಿಗುತ್ತವೆ ಎಂದು ಅಳೆಯಲು ತೊಡಗಿದರು. ಅದೇ ಕೆಲಸ ಬೆಳೆದು, 1965ರಲ್ಲಿ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೂ ಸೇರಿದ ತಂಡ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಗುರುತನ್ನು ಹಿಡಿಯಿತು. ಬೇರೆಲ್ಲ ಕಣಗಳ ಗದ್ದಲ ತಪ್ಪಿಸಿಕೊಳ್ಳಲು ಅಷ್ಟು ಆಳಕ್ಕೆ ಇಳಿಯಬೇಕಾಗಿತ್ತು.

ಆ ಗದ್ದಲ ಕಂಪ್ಯೂಟರಿನ ನೆನಪನ್ನೂ ಕೆಡಿಸುತ್ತದೆ ಎಂದು ತಿಳಿದದ್ದು ಆಮೇಲೆ. ಅದಕ್ಕೆ ಕಾರಣ ನೆನಪಿನ ಸ್ವರೂಪವೇ ಬದಲಾದದ್ದು. ಮುಂಬಯಿಯಲ್ಲಿ ಇದೇ ಟಾಟಾ ಸಂಸ್ಥೆಯವರು ಕಟ್ಟಿ 1960ರಲ್ಲಿ ಕೆಲಸಕ್ಕೆ ಹಚ್ಚಿದ ಕಂಪ್ಯೂಟರಿನಲ್ಲಿ ನೆನಪು ಎಂದರೆ ತಂತಿಗೆ ಪೋಣಿಸಿದ ಸಣ್ಣ ಫೆರೈಟ್ ಉಂಗುರಗಳು. 40 ಬಿಟ್‌ನ 2,048 ಪದಗಳು, ಅಂದರೆ ಸುಮಾರು 82 ಸಾವಿರ ಉಂಗುರ. 1962ರಲ್ಲಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಉಂಗುರದ ಕಾಂತೀಯತೆ ಯಾವ ದಿಕ್ಕಿಗಿದೆ ಎನ್ನುವುದೇ ಸೊನ್ನೆ ಅಥವಾ ಒಂದು. ಕರೆಂಟು ಹೋದರೂ ಅದು ಮರೆಯುವುದಿಲ್ಲ. 1966ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಬೇರೆಯೇ ದಾರಿ ಕಂಡರು. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ವಿದ್ಯುದಂಶ ತುಂಬಿಡಲು ಒಂದು ಪುಟ್ಟ ಕೆಪಾಸಿಟರ್, ಅಷ್ಟೇ. ಇಂದಿನ ರ‍್ಯಾಮ್ ಈ ಜಾತಿಯದ್ದು. ಅಗ್ಗ, ಚಿಕ್ಕದು, ಆದರೆ ತೂತು ಬಿಂದಿಗೆ. ತುಂಬಿದ ವಿದ್ಯುತ್ತು ಸೋರಿ ಹೋಗುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬಬೇಕು. ನಾನು ತಂದ 8 ಜಿಬಿಯಲ್ಲಿ ಇಂಥ ಬಿಂದಿಗೆಗಳು ಸುಮಾರು 6,870 ಕೋಟಿ.

ಬಿಂದಿಗೆ ಚಿಕ್ಕದಾದಷ್ಟೂ ಅದನ್ನು ಕದಡಲು ಚಿಕ್ಕ ಪೆಟ್ಟು ಸಾಕು. 1978ರಲ್ಲಿ ಇಂಟೆಲ್‌ನ ತಿಮೊತಿ ಮೇ ಮತ್ತು ಮರ್ರೆ ವುಡ್ಸ್, ಚಿಪ್ಪಿನ ಹೊದಿಕೆಯಲ್ಲೇ ಲವಲೇಶವಾಗಿ ಬೆರೆತಿದ್ದ ಯುರೇನಿಯಂ, ಥೋರಿಯಂಗಳಿಂದ ಹೊರಡುವ ಆಲ್ಫಾ ಕಣಗಳು ಬಿಟ್‌ಗಳನ್ನು ತಿರುಗಿಸುತ್ತಿವೆ ಎಂದು ತೋರಿಸಿದರು. ಮರುವರ್ಷ ಐಬಿಎಂನ ಜೇಮ್ಸ್ ಝೀಗ್ಲರ್ ಮತ್ತು ಯೇಲ್‌ನ ವಿಲಿಯಂ ಲ್ಯಾನ್‌ಫರ್ಡ್ ಕಾಸ್ಮಿಕ್ ಕಿರಣಗಳಿಂದಲೂ ಇದು ಆಗಬಲ್ಲದು ಎಂದು ಲೆಕ್ಕ ಹಾಕಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಹಾಗಾದರೆ ನನ್ನ ನಾದವನ್ನು ಪಾದ ಮಾಡಿದ್ದು ಯಾವುದೋ ನಕ್ಷತ್ರ ಸಿಡಿದು ಬಂದ ಕಣವೇ? ಕೋಲಾರದ ಗಣಿಯಲ್ಲಿ ಕೂತು ಬರೆದಿದ್ದರೆ ತಪ್ಪುತ್ತಿರಲಿಲ್ಲವೇ? ನಮ್ಮೂರಿನ ಬೆಟ್ಟದಿಂದ ಒಸರುವುದನ್ನು ಭೀಮ ಕೊಂದ ಬಕಾಸುರನ ರಕ್ತ ಎನ್ನುವ ಕಥೆ ಕೇಳಿ ಬೆಳೆದವಳು ನಾನು. ಸಣ್ಣ ಗುರುತಿಗೆ ದೊಡ್ಡ ಕಾರಣ ಕಟ್ಟುವ ಆಸೆ ನನಗೂ ಸಹಜವಾಗಿ ಬಂದಿದೆ.

ಆದರೆ ಆ ಊಹೆ ನಿಲ್ಲಲಿಲ್ಲ. ಕಣ ಬಡಿದು ತಿರುಗಿದ ಬಿಟ್ ಒಂದು ಸಲದ ಅಪಘಾತ. ಮತ್ತೆ ಬರೆದರೆ ಅದು ಸರಿಹೋಗುತ್ತದೆ, ಇನ್ನೊಂದು ಸಲ ಬಡಿದರೆ ಬೇರೆಲ್ಲೋ ಬಡಿಯುತ್ತದೆ. ನನ್ನಲ್ಲಿ ಆದದ್ದು ಮತ್ತೆ ಮತ್ತೆ, ಅದೇ ಬಿಟ್‌ನಲ್ಲಿ. 2009ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಸಂಗಡಿಗರು ಗೂಗಲ್‌ನ ಸರ್ವರುಗಳನ್ನು ಎರಡೂವರೆ ವರ್ಷ ಗಮನಿಸಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ವರ್ಷಕ್ಕೆ ಶೇಕಡಾ 8ಕ್ಕಿಂತ ಹೆಚ್ಚು ರ‍್ಯಾಮ್‌ಗಳಲ್ಲಿ ತಪ್ಪು ಕಂಡುಬಂದಿತ್ತು. ಆ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಆಕಾಶದಿಂದ ಬಂದ ಕಣಗಳಲ್ಲ, ರ‍್ಯಾಮಿನೊಳಗೇ ಇದ್ದ ಶಾಶ್ವತ ದೋಷ ಎಂದು ಅವರು ಕಂಡರು. ಅವರು ಅಳೆದ ಬಿಸಿಯ ಮಿತಿಯಲ್ಲಿ ತಾಪಮಾನದ ಪ್ರಭಾವವೂ ಸಣ್ಣದೇ. ನಾನು ಇಟ್ಟ ಫ್ಯಾನ್ ಸುಮ್ಮನೆ ತಿರುಗಿತ್ತು.

ಮರುದಿನ ಒಂದೊಂದೇ ತೆಗೆದು ನೋಡುವ ಕೆಲಸಕ್ಕೆ ಕೂತೆ. ಮೊದಲು ಎರಡು ರ‍್ಯಾಮ್‌ಗಳ ಮೇಲಿನ ಚೀಟಿ ಓದಿದೆ. ಎರಡೂ ಡಿಡಿಆರ್‌3, ವೋಲ್ಟೇಜ್ ಒಂದೇ, ವೇಗದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ. ಹಾಗಿದ್ದಾಗ ಯಂತ್ರ ಸಾಮಾನ್ಯವಾಗಿ ನಿಧಾನದ್ದಕ್ಕೆ ಹೊಂದಿಕೊಂಡು ಓಡುತ್ತದೆ, ಅದು ಕಾರಣವಲ್ಲ. ಹೊಂದಿಕೆಯೇ ಕಾರಣವಾದ ಉದಾಹರಣೆ ಚರಿತ್ರೆಯಲ್ಲಿ ಇಲ್ಲದೇ ಇಲ್ಲ. ಇಂಟೆಲ್ ತನ್ನ 820 ಚಿಪ್‌ಸೆಟ್ಟನ್ನು ಒಂದು ಹೊಸ ಜಾತಿಯ, ದುಬಾರಿ ರ‍್ಯಾಮಿಗಾಗಿ ಮಾಡಿತ್ತು. ಅಗ್ಗದ ಹಳೆಯ ಜಾತಿಯದ್ದೂ ಅದರಲ್ಲಿ ನಡೆಯಲಿ ಎಂದು ನಡುವೆ ದುಭಾಷಿಯ ಹಾಗೆ ಒಂದು ಚಿಪ್ಪು ಇಟ್ಟರು. ಆ ದುಭಾಷಿ ಚಿಪ್ಪಿನ ವಿದ್ಯುತ್ ಗದ್ದಲದಿಂದ ಯಂತ್ರಗಳು ಇದ್ದಕ್ಕಿದ್ದಂತೆ ನಿಲ್ಲಬಹುದು, ತಾವಾಗಿ ಮತ್ತೆ ಶುರುವಾಗಬಹುದು ಎಂದು ಗೊತ್ತಾಗಿ, 2000ದ ಮೇ ತಿಂಗಳಲ್ಲಿ ಇಂಟೆಲ್ ಅಂಥ ಮದರ್‌ಬೋರ್ಡುಗಳನ್ನು ಬದಲಾಯಿಸಿಕೊಡುವುದಾಗಿ ಘೋಷಿಸಬೇಕಾಯಿತು. ತಯಾರಕರೇ ಎಡವಿದ ಜಾಗ ಇದು.

ಆಮೇಲೆ ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು, ಎರಡೂ ರ‍್ಯಾಮ್ ಹೊರತೆಗೆದೆ. ಅಂಚಿನಲ್ಲಿ ಸಾಲಾಗಿರುವ ಹಳದಿ ಪಟ್ಟಿಗಳು ಚಿನ್ನದ ಲೇಪ. ಕೋಲಾರದವರಿಗೆ ಅದನ್ನು ನೋಡಿದರೆ ಸ್ವಲ್ಪ ಮನಸ್ಸು ಕಲಕದೇ ಇರುವುದಿಲ್ಲ. ಚಿನ್ನ ತುಕ್ಕು ಹಿಡಿಯುವುದಿಲ್ಲ, ಆದರೆ ಅದರ ಮೇಲೆ ಕೈಬೆವರಿನ ಜಿಡ್ಡು, ಸ್ಲಾಟಿನಲ್ಲಿ ಧೂಳು ಕೂರುತ್ತದೆ. ಒರೆಸಿ, ಎರಡು ಬದಿಯ ಹಿಡಿಗಳು ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ಮೊದಲು ಹಳೆಯದೊಂದೇ ಒಂದನೆಯ ಸ್ಲಾಟಿನಲ್ಲಿ, ಆಮೇಲೆ ಎರಡನೆಯದರಲ್ಲಿ. ನಂತರ ಹೊಸದೊಂದೇ, ಅದೇ ಕ್ರಮದಲ್ಲಿ. ಪ್ರತಿ ಸಲವೂ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಓಡಿಸಿದೆ. ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ತಂತ್ರಾಂಶ ಇದು. ವಿಂಡೋಸ್ ಏಳುವ ಮೊದಲೇ ಎದ್ದು, ನೆನಪಿನ ಪ್ರತಿ ಮನೆಗೂ ಒಂದು ಗೊತ್ತಾದ ಸಾಲನ್ನು ಬರೆದು, ಮತ್ತೆ ಓದಿ, ಬರೆದದ್ದೇ ಬಂತೇ ಎಂದು ನೋಡುತ್ತದೆ. ಸೊನ್ನೆಗಳನ್ನು ತುಂಬಿ ನೋಡುತ್ತದೆ, ಒಂದುಗಳನ್ನು ತುಂಬಿ ನೋಡುತ್ತದೆ, ಒಂದನ್ನು ಬದಲಿಸಿದರೆ ಪಕ್ಕದ್ದು ಅಲುಗುತ್ತದೆಯೇ ಎಂದೂ ನೋಡುತ್ತದೆ.

ಹಳೆಯ ರ‍್ಯಾಮ್ ಎರಡೂ ಸ್ಲಾಟಿನಲ್ಲಿ ಪಾಸಾಯಿತು. ಅಲ್ಲಿಗೆ ಸ್ಲಾಟು, ಮದರ್‌ಬೋರ್ಡು, ಕರೆಂಟು ಎಲ್ಲದರ ಮೇಲಿನ ಅನುಮಾನ ಹೋಯಿತು. ಹೊಸದು ಎರಡೂ ಸ್ಲಾಟಿನಲ್ಲಿ ಕೆಂಪು ಸಾಲು ತೋರಿಸಿತು. ಬರೆದದ್ದು, ಓದಿದ್ದು, ವ್ಯತ್ಯಾಸವಿರುವ ಬಿಟ್ ಎಂದು ಮೂರು ಕಲಂ. ಮೂರನೆಯ ಕಲಂನಲ್ಲಿ ಕೆಳಗಿನವರೆಗೂ ಒಂದೇ ಸಂಖ್ಯೆ, 00000002. ಅಂದರೆ ಬಲದಿಂದ ಎರಡನೆಯ ಬಿಟ್. ಒಂದು ಅಪರಾಧಕ್ಕೆ ಸಂಬಂಧಿಸಿದ ಎರಡು ಸಾಕ್ಷಿಗಳು, ಒಂದಕ್ಕೊಂದು ಗೊತ್ತಿಲ್ಲದೆ, ಒಂದೇ ಹೆಸರು ಹೇಳಿದ ಹಾಗಿತ್ತು.

ಕೆಟ್ಟ ಮನೆಗಳು ಕೋಟಿಗಟ್ಟಲೆಯಲ್ಲಿ ಕೆಲವೇ. ಆ ಜಾಗಕ್ಕೆ ವಿಂಡೋಸಿನದೇ ಮುಖ್ಯ ಕೆಲಸ ಬಂದು ಕೂತ ದಿನ ನೀಲಿ ಪರದೆ. ಏನೂ ಬಾರದ ದಿನ ಎಲ್ಲವೂ ಸುಖ. ನನ್ನ ಕಡತ ಬಂದು ಕೂತ ದಿನ ನಾದ ಪಾದ. ದೋಷಸಂದೇಶ ದಿನಕ್ಕೊಂದು ಬಗೆಯಲ್ಲಿ ಬಂದದ್ದೂ ಇದಕ್ಕೇ. ಕಡತವನ್ನು ಉಳಿಸುವ ಮೊದಲೇ ರ‍್ಯಾಮಿನಲ್ಲಿ ಅಕ್ಷರ ಬದಲಾದರೆ, ಡಿಸ್ಕು ಆ ತಪ್ಪನ್ನೇ ನಿಷ್ಠೆಯಿಂದ ಕಾಪಾಡುತ್ತದೆ. ಮೂರು ವಾರ ನಾನು ಶಪಿಸಿದ್ದು ನೀಲಿ ಪರದೆಯನ್ನು. ಅದು ನಿಜಕ್ಕೂ ನನ್ನ ಹಿತೈಷಿ, ಏನೋ ಸರಿಯಿಲ್ಲ ಎಂದು ಕೂಗಿ ಹೇಳುತ್ತಿತ್ತು. ಕೆಡಿಸಿದ್ದು ಕೂಗದೆ ನಡೆದ ದಿನಗಳು.

ಮೊದಲಿನವರಿಗೆ ಇದು ಗೊತ್ತಿತ್ತು. 1981ರ ಐಬಿಎಂ ಪಿಸಿಯಲ್ಲಿ ಪ್ರತಿ ಎಂಟು ಬಿಟ್‌ಗೆ ಕಾವಲಾಗಿ ಒಂಬತ್ತನೆಯ ಬಿಟ್ ಇತ್ತು. ಎಂಟರಲ್ಲಿ ಎಷ್ಟು ಒಂದುಗಳಿವೆ, ಸಮವೋ ಬೆಸವೋ ಎಂಬುದನ್ನು ಅದು ನೆನಪಿಡುತ್ತಿತ್ತು. ಲೆಕ್ಕ ತಪ್ಪಿದರೆ ಯಂತ್ರ ಅಲ್ಲೇ ನಿಲ್ಲುತ್ತಿತ್ತು. ಇದರಿಂದ ತಪ್ಪು ಇದೆ ಎಂದು ಗೊತ್ತಾಗುತ್ತದೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ಎಲ್ಲಿ ಎಂದು ಹೇಳುವ ವಿದ್ಯೆ ಅದಕ್ಕೂ ಹಳೆಯದು. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಶನಿವಾರ ಭಾನುವಾರ ಓಡಲೆಂದು ಯಂತ್ರಕ್ಕೆ ಕೊಟ್ಟು ಹೋದ ಲೆಕ್ಕಗಳನ್ನು, ತಪ್ಪು ಕಂಡ ಕೂಡಲೇ ಯಂತ್ರ ಕೈಬಿಟ್ಟಿರುತ್ತಿತ್ತು. ತಪ್ಪಾಗಿದೆ ಎಂದು ಅರಿಯಬಲ್ಲ ಯಂತ್ರಕ್ಕೆ ತಪ್ಪು ಎಲ್ಲಿದೆ ಎಂದು ಹೇಳಿ ತಿದ್ದಿಕೊಳ್ಳಲು ಯಾಕಾಗಬಾರದು ಎಂಬ ಸಿಟ್ಟಿನಿಂದ ಹುಟ್ಟಿದ್ದು ಅವರು 1950ರಲ್ಲಿ ಪ್ರಕಟಿಸಿದ ಕ್ರಮ. ಕೆಲವು ಕಾವಲು ಬಿಟ್‌ಗಳನ್ನು ಜಾಣತನದಿಂದ ಹಂಚಿಟ್ಟರೆ ಅವು ಒಟ್ಟಾಗಿ ತಪ್ಪಿದ ಬಿಟ್ಟಿನ ಕಡೆ ಬೆರಳು ತೋರಿಸುತ್ತವೆ. ಇಂದಿನ ಸರ್ವರುಗಳಲ್ಲಿ 64 ಬಿಟ್‌ಗೆ 8 ಕಾವಲು ಬಿಟ್ ಸಾಮಾನ್ಯ. ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಬೆಲೆ ಇಳಿಸುವ ಪೈಪೋಟಿಯಲ್ಲಿ, 1990ರ ದಶಕದ ನಡುವಿನಿಂದ ಆ ಒಂಬತ್ತನೆಯ ಬಿಟ್ ಕೂಡ ಮಾಯವಾಯಿತು. ಬ್ಯಾಂಕಿನ ಲೆಕ್ಕಕ್ಕೆ ಕಾವಲಿದೆ, ಅಜ್ಜಿಯ ಪದಕ್ಕೆ ಇಲ್ಲ.

ಇಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಕನ್ನಡ ಸಾಹಿತ್ಯ ಓದುವವರಿಗೆ ಹ್ಯಾಮಿಂಗನ ಯೋಚನೆ ಹೊಸದಾಗಿ ಕಾಣುವುದಿಲ್ಲ. ನಮ್ಮ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಇದೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆ ನಾಲ್ಕು ಮಾತ್ರೆಯ ಗಣಗಳ ಲೆಕ್ಕ ಇದೆ. ಅವು ಕಿವಿಯ ಸೊಗಸಿಗಾಗಿ ಇದ್ದರೂ ಗ್ರಂಥ ಸಂಪಾದಕರಿಗೆ ಕಾವಲು ಬಿಟ್‌ಗಳೇ. ಓಲೆಯ ಪ್ರತಿ ಮಾಡಿದವರು ಒಂದು ಅಕ್ಷರ ಬಿಟ್ಟರೆ ಮಾತ್ರೆ ಕಡಿಮೆ ಬೀಳುತ್ತದೆ, ಎರಡನೆಯ ಅಕ್ಷರ ಬದಲಿಸಿದರೆ ಪ್ರಾಸ ಕೆಡುತ್ತದೆ. ಅಲ್ಲಿಂದ ತಪ್ಪನ್ನು ಹಿಡಿಯಬಹುದು. ಆದರೆ ನಾದ ಪಾದವಾದದ್ದನ್ನು ನೋಡಿ. ಮಾತ್ರೆ ಅಷ್ಟೇ. ಬದಲಾದದ್ದು ಮೊದಲ ಅಕ್ಷರ, ಪ್ರಾಸದ ದ ಹಾಗೇ ಉಳಿದಿದೆ. ಅರ್ಥವೂ ಇದೆ. ಎಲ್ಲ ಕಾವಲುಗಾರರ ನಡುವಿನಿಂದ ನುಸುಳಿಕೊಂಡು ಬಂದ ತಪ್ಪು ಅದು. ಅಕ್ಷರ ತಪ್ಪು ಹುಡುಕುವ ತಂತ್ರಾಂಶವೂ ಇಲ್ಲಿ ನಡೆಯದು. ಕೈವಾರ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡುವುದು ನಮ್ಮ ಗಡಿಸೀಮೆಯಲ್ಲಿ ದಿನದ ಮಾತು. ಆ ಪುಟದ ಮುಂದೆ ಕನ್ನಡದ ನಿಘಂಟು ಪ್ರತಿ ಮಾತಿಗೂ ಕೆಂಪು ಗೆರೆ ಎಳೆಯುತ್ತದೆ.

ಕೊನೆಗೆ ತಪ್ಪು ಹಿಡಿದದ್ದು ಇನ್ನೊಂದು ಬಗೆಯ ಕಾವಲು. ಒಂದೇ ಪದ ಹಲವರ ನೆನಪಿನಲ್ಲಿ ಇರುವುದು. ಭಜನೆಯಲ್ಲಿ ಒಬ್ಬರು ಮರೆತರೆ ಇನ್ನೊಬ್ಬರ ದನಿ ಎತ್ತಿಕೊಳ್ಳುತ್ತದೆ. ಅವರೂ ತಪ್ಪುತ್ತಾರೆ, ಆದರೆ ಎಲ್ಲರೂ ಒಂದೇ ಜಾಗದಲ್ಲಿ ತಪ್ಪುವುದಿಲ್ಲ. ‘ಬಾಯಿಪಾಠವನ್ನು ನಂಬಲಾಗದು, ಬರಹವೇ ಪ್ರಮಾಣ’ ಎಂಬ ಭಾವನೆ ಸಂಶೋಧನೆಗೆ ಇಳಿದಾಗ ನನ್ನಲ್ಲೂ ಇತ್ತು. ಅಜ್ಜಿ ಹಾಡಿದ್ದು ಬದಲಾಗಿದೆ ಎಂದು ಅಷ್ಟು ಬೇಗ ನಂಬಿದ್ದು ಅದರಿಂದಲೇ. ನನ್ನ ಯಂತ್ರದ ನೆನಪು ತಪ್ಪಿರಬಹುದು ಎಂದು ಒಂದು ಗಳಿಗೆಯೂ ಅನಿಸಲಿಲ್ಲ. ಮುಪ್ಪಾದ ಹೆಂಗಸಿನ ನೆನಪನ್ನು ಅನುಮಾನಿಸುವುದು ನನಗೆ ಸುಲಭವಾಗಿತ್ತು.

ಮಾರ್ಗದರ್ಶಕರಿಗೆ ಇದನ್ನೆಲ್ಲ ಬರೆದು, ಆ ನಾಲ್ಕು ಪ್ಯಾರಾ ತೆಗೆದು ಹಾಕಿದೆ. ಅವರು ನಕ್ಕು, ಹಾಗಾದರೆ ಆ ಮೂರು ವಾರದ ಬೇರೆ ಪುಟಗಳು ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆ ದಿನಗಳಲ್ಲಿ ತೆರೆದು ಉಳಿಸಿದ ಪ್ರತಿ ಕಡತವೂ ಅನುಮಾನದ್ದು. ರ‍್ಯಾಮ್ ಬದಲಾಯಿಸುವವರಿಗೆ ನಾನು ಹೇಳುವುದು ಇಷ್ಟೇ. ಹಾಕಿದ ರಾತ್ರಿಯೇ ಪರೀಕ್ಷೆ ಓಡಿಸಿ ಮಲಗಿ, ಅದು ಪಾಸಾಗುವವರೆಗೆ ಮುಖ್ಯವಾದ ಯಾವ ಕಡತವನ್ನೂ ತೆರೆಯಬೇಡಿ. ಹಳೆಯ ಪ್ರತಿ ಬೇರೆಡೆ ಇರಲಿ. ಯಂತ್ರ ನಿಂತರೆ ಬೈಯಬೇಡಿ, ಕೇಳಿಸಿಕೊಳ್ಳಿ.

ಈಗ ಮತ್ತೆ ಹಳೆಯ 4 ಜಿಬಿಯಲ್ಲೇ ಕೆಲಸ ನಡೆದಿದೆ. ಪೆಟ್ಟಿಗೆ ಏದುಸಿರು ಬಿಡುತ್ತದೆ, ಬಿಡಲಿ. ವಾರಕ್ಕೆರಡು ಸಂಜೆ ಪ್ರಿಂಟ್ ತೆಗೆದುಕೊಂಡು ಭಜನೆ ಮನೆಗೆ ಹೋಗುತ್ತೇನೆ. ನಾನು ಒಂದೊಂದೇ ಸಾಲು ಓದುತ್ತೇನೆ, ಅವರು ಹಾಡಿ ನೋಡುತ್ತಾರೆ. ಇದುವರೆಗೆ ಇನ್ನೂ ಎರಡು ಕಡೆ ತಡೆದಿದ್ದಾರೆ. ಒಂದು ರ‍್ಯಾಮಿನ ತಪ್ಪು. ಇನ್ನೊಂದು ನನ್ನದೇ, ಕೇಳಿಸಿಕೊಂಡದ್ದರಲ್ಲಿ. ಅದನ್ನು ತೋರಿಸಿದಾಗ ಅಜ್ಜಿ ಹೇಳಿದರು, “ನಿನ್ ಮಿಶಿನ್ನು ಸರಿಯಾಗದೆ ಬಿಡಮ್ಮ, ಈಗ ನಿನ್ ಕಿವಿ ನೋಡ್ಕೋ.”